ತೊಂಬತ್ತಾರು ಹಳದಿ ಚೀಟಿ

ಹದಿನೇಳನೇ ತಾರೀಖು, ಬುಧವಾರ
ಮಧ್ಯಾಹ್ನ, ಹೊಲಿಗೆ ಯಂತ್ರದ ಮುಂದೆ

ಪ್ರೀತಿಯ ತಂಗಿಗೆ,

ಅಕ್ಕನ ಆಶೀರ್ವಾದ. ‘ಪ್ರೀತಿಯ’ ಅನ್ನುವುದನ್ನು ಎರಡು ಸಲ ಹೊಡೆದುಹಾಕಿ ಮತ್ತೆ ಬರೆದಿದ್ದೇನೆ, ಗೀಚು ನೋಡಿದರೆ ನಿನಗೇ ಗೊತ್ತಾಗುತ್ತದೆ. ನಿನ್ನ ಮೂರು ಕಾಗದಗಳೂ ಬಂದವು. ಉತ್ತರ ಬರೆಯದೆ ಇದ್ದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ ಅಂತ ಶುರು ಮಾಡಬೇಕಿತ್ತು. ಮಾಡಿಕೋ. ನನಗೇನು. ಒಂಬತ್ತು ದಿನ ಆಸ್ಪತ್ರೆಯ ಕಬ್ಬಿಣದ ಸ್ಟೂಲಿನ ಮೇಲೆ ಕೂತಿದ್ದೆ. ಆಮೇಲೆ ಐದು ದಿನ ಬರೆದದ್ದನ್ನೆಲ್ಲ ಸಿಟ್ಟಿಗೆ ಹರಿದು ಹಾಕಿದೆ. ಫೋನ್ ಮಾಡಬಹುದಿತ್ತಲ್ಲ ಅಂತೀಯ. ಮಾಡಿದರೆ ಎರಡನೇ ಮಾತಿಗೇ "ಅಕ್ಕ, ಮೀಟಿಂಗಲ್ಲಿದ್ದೀನಿ, ಆಮೇಲೆ ಮಾಡ್ಲಾ?" ಅಂತೀಯ. ಈ ಕಾಗದವನ್ನು ಹಾಗೆ ಕಟ್ ಮಾಡೋಕೆ ಆಗಲ್ಲ. ಬಾಗಿಲು ಹಾಕಿಕೊಂಡು ಕೂತು ಓದು.

ನಿನ್ನ ಕೊನೆಯ ಕಾಗದವನ್ನು ನಿನ್ನ ಭಾವನಿಗೆ ಗಟ್ಟಿಯಾಗಿ ಓದಿ ಹೇಳಿದೆ. ನೀನೇನು ಬರೆದಿದ್ದೆ ನೆನಪಿದೆಯಾ? ಇಪ್ಪತ್ತಾರನೇ ತಾರೀಖು ನಲವತ್ತೆರಡು ಶಾಲೆಗಳ ಮುಖ್ಯೋಪಾಧ್ಯಾಯರ ಮುಂದೆ ನಿನ್ನ ‘ಶಿಸ್ತಿನ ಚೀಟಿ’ಯ ಬಗ್ಗೆ ಮಾತಾಡಬೇಕು, ಅವರು ಒಪ್ಪಿದರೆ ಮುಂದಿನ ವರ್ಷದಿಂದ ಎಲ್ಲಾ ಶಾಲೆಗಳಲ್ಲೂ ಅದೇ ಜಾರಿ. ಆವತ್ತಿಗೆ ಒಂದು ಬೂದು ಕೋಟು ಹೊಲಿದು ಕಳಿಸಬೇಕು, ಎಡತೋಳಿನ ಅಳತೆ ನನಗೆ ಗೊತ್ತೇ ಇದೆ. ಕೊನೆಗೆ, "ನಮ್ಮ ಮೆಣಸು ಕೈಯಲ್ಲಿ ‘ಶಿಸ್ತಿನ ಚೀಟಿ ನನಗೇನು ಕಲಿಸಿತು’ ಅಂತ ನಾಲ್ಕು ವಾಕ್ಯ ಬರೆಸಿ ಕಳಿಸು ಅಕ್ಕ. ಮುದ್ದಾದ ಅಕ್ಷರ ಅವಳದು. ವೇದಿಕೆ ಮೇಲೆ ಓದುತ್ತೇನೆ." ನಾನು ಓದಿ ಮುಗಿಸುವ ಹೊತ್ತಿಗೆ ನಿನ್ನ ಭಾವ ಎದ್ದು ಹಿಂಬಾಗಿಲಿಗೆ ಹೋಗಿ ನಿಂತಿದ್ದರು.

ಕೋಟು ಈ ಕಟ್ಟಿನಲ್ಲಿದೆ. ನೀನು ಮೆಣಸು ಅಂತ ಕರೆಯುವ ನನ್ನ ಮಗಳ ನಾಲ್ಕು ವಾಕ್ಯವೂ ಇದೆ. ಮೊದಲು ನನ್ನ ಮಾತು ಕೇಳು, ಆಮೇಲೆ ಅವಳ ವಾಕ್ಯ ಓದುವೆಯಂತೆ.

ನೀನು ಈ ಯೋಜನೆಯ ಕೆಲಸಕ್ಕೆ ಅಂತ ಜಿಲ್ಲಾ ಆಫೀಸಿಗೆ ಹೋಗಿ ಕೂತಿರುವಾಗ, ಶಾಲೆಯವರು ನಿನಗೆ ಅವಳಿಗೆ ‘ಜ್ವರ’ ಅಂತ ಹೇಳಿದ್ದಾರಂತೆ. ಜ್ವರ! ಹೇಗೆ ಬಂತು, ಯಾಕೆ ಬಂತು ಅಂತ ನೀನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಹಾಗಾಗಿ ನಿನ್ನ ಯೋಜನೆಯನ್ನು ನಿನಗೇ ನಾನು ವಿವರಿಸಬೇಕಾಗಿದೆ. ನೀನು ಅದನ್ನು ಆಫೀಸಿನ ಕುರ್ಚಿಯಿಂದ ನೋಡಿದವಳು. ನಾಲ್ಕನೇ ಕ್ಲಾಸಿನ ಬೆಂಚಿನಿಂದ ಹೇಗೆ ಕಾಣುತ್ತದೆ ಅಂತ ಸ್ವಲ್ಪ ನೋಡು.

ಸೋಮವಾರ ಪ್ರತಿ ಮಗುವಿಗೂ ಆರು ಹಳದಿ ಚೀಟಿ. ಪಾಠದ ಹೊತ್ತಿನಲ್ಲಿ ಶೌಚಾಲಯಕ್ಕೆ ಹೋಗಬೇಕಾದರೆ ಒಂದು ಚೀಟಿ ಹರಿದು ಟೀಚರಿಗೆ ಕೊಡಬೇಕು. ವಿರಾಮದ ಗಂಟೆ ಹೊಡೆದ ಮೇಲೆ ತಡವಾಗಿ ಬಂದರೆ ಎರಡು ಚೀಟಿ ಹೋಯಿತು. ಶನಿವಾರ ಉಳಿದ ಚೀಟಿಗಳ ಎಣಿಕೆ. ಯಾವ ಕ್ಲಾಸಿನಲ್ಲಿ ಹೆಚ್ಚು ಉಳಿದಿವೆಯೋ ಆ ಕ್ಲಾಸನ್ನು ಹತ್ತು ನಿಮಿಷ ಮೊದಲೇ ಮನೆಗೆ ಬಿಡುವುದು. ಒಂದು ಮಗು ನೂರು ಚೀಟಿ ಉಳಿಸಿದರೆ ಒಂದು ಇಡೀ ದಿನ ಶಾಲೆಯ ಗಂಟೆ ಬಾರಿಸುವ ಗೌರವ. ಸರಿಯಾಗಿ ಹೇಳಿದೆನಾ, ಮುಖ್ಯೋಪಾಧ್ಯಾಯಿನಿಯವರೇ?

ಯಾಕೆ ತಂದೆ ಅಂತಲೂ ಗೊತ್ತು, ಅನ್ಯಾಯ ಮಾತಾಡುವುದಿಲ್ಲ. ಮಕ್ಕಳು ಪಾಠ ತಪ್ಪಿಸಿಕೊಂಡು ಶೌಚಾಲಯದ ಹತ್ತಿರ ಗುಂಪು ಕಟ್ಟುತ್ತಿದ್ದರು, ನಲ್ಲಿ ಮುರಿದಿದ್ದರು, ಗೋಡೆ ತುಂಬ ಹೊಲಸು ಬರೆದಿದ್ದರು. ನೀನು ಚೀಟಿ ತಂದ ಮೇಲೆ ಎಲ್ಲ ನಿಂತುಹೋಯಿತು. ಪೋಷಕರ ಸಭೆಯಲ್ಲಿ "ನಮ್ಮ ಶಾಲೇಲಿ ಕೋಲಿಲ್ಲ, ಬೈಗುಳ ಇಲ್ಲ, ಆದ್ರೂ ಕಾರಿಡಾರು ಹೇಗಿದೆ ನೋಡಿ" ಅಂದೆ. ಆಮೇಲೆ ಮುಂದಿನ ಸಾಲಿನಲ್ಲಿದ್ದ ನನ್ನ ಕಡೆ ಕೈ ತೋರಿಸಿ, "ಈ ಉಪಾಯ ನಂದಲ್ಲ, ಚಿಕ್ಕವಳಿದ್ದಾಗ ನಮ್ಮಕ್ಕ ನಂಗೆ ಕಲಿಸಿದ್ದು" ಅಂದೆ. ಎಲ್ಲರೂ ತಿರುಗಿ ನೋಡಿದರು. ನಾನು ಅಂಗೈ ಉರಿಯುವ ಹಾಗೆ ಚಪ್ಪಾಳೆ ತಟ್ಟಿದೆ. ಆ ಮಾತಿಗೆ ಕೊನೆಯಲ್ಲಿ ಬರುತ್ತೇನೆ.

ಚೀಟಿ ಅಚ್ಚು ಹಾಕಿದ್ದೂ ನಮ್ಮ ಮನೆಯವರೇ ಅಲ್ಲವಾ. ನಾದಿನಿಯ ಕೆಲಸ ಅಂತ ಪ್ರೆಸ್ಸಿನಲ್ಲಿ ತಾವೇ ಯಂತ್ರದ ಮುಂದೆ ನಿಂತು, ಹಳದಿ ಕಾಗದ ತಾವೇ ಆರಿಸಿ, ಮಕ್ಕಳ ಕೈಗೆ ಹರಿಯಲು ಸುಲಭವಾಗಲಿ ಅಂತ ನಡುವೆ ಸಾಲಾಗಿ ತೂತು ಬೇರೆ ಹಾಕಿಸಿದರು. ನಮ್ಮ ಮಗಳು ಆ ತೂತಿನ ಗೆರೆಯ ಮೇಲೆ ಒಂದು ದಿನವೂ ಒಂದು ಚೀಟಿಯನ್ನೂ ಹರಿಯಲಿಲ್ಲ. ಹದಿನಾರು ವಾರ, ವಾರಕ್ಕೆ ಆರು, ಒಟ್ಟು ತೊಂಬತ್ತಾರು.

ವಿರಾಮದಲ್ಲಿ ಹೋಗಬಹುದಿತ್ತಲ್ಲ ಅಂತೀಯ. ಮೊನ್ನೆ ಹೋಗಿ ನೋಡಿಬಂದೆ. ಹುಡುಗಿಯರು ಇನ್ನೂರ ನಲವತ್ತು, ಶೌಚಾಲಯ ನಾಲ್ಕು, ಅದರಲ್ಲಿ ಒಂದಕ್ಕೆ ಚಿಲಕ ಇಲ್ಲ. ವಿರಾಮ ಹತ್ತು ನಿಮಿಷ. ಸಾಲಿನಲ್ಲಿ ನಿಂತರೆ ಗಂಟೆ ಹೊಡೆಯುತ್ತದೆ, ಗಂಟೆ ಹೊಡೆದರೆ ಎರಡು ಚೀಟಿ ಹೋಗುತ್ತದೆ. ಇವಳೇನು ದಡ್ಡಿಯೇ? ಸಾಲಿಗೆ ನಿಲ್ಲುವುದನ್ನೇ ಬಿಟ್ಟಳು. ಆಮೇಲೆ ನೀರು ಕುಡಿಯುವುದನ್ನೂ ಬಿಟ್ಟಳು.

ನನ್ನ ಕಣ್ಣಿಗೆ ಮಣ್ಣು ಬಿದ್ದಿತ್ತಾ ಅಂತ ಕೇಳು. ಬಿದ್ದಿತ್ತು. ಸಾಯಂಕಾಲ ಬಾಗಿಲ ಪಕ್ಕ ಯಂತ್ರ ತುಳಿಯುತ್ತಾ ಕೂತಿರುತ್ತೇನೆ, ಇವಳು ಬ್ಯಾಗನ್ನು ನನ್ನ ಕಾಲ ಮೇಲೆ ಎಸೆದು ಬಚ್ಚಲಿಗೆ ಓಡುತ್ತಿದ್ದಳು. ನಾನು "ಬಂತಪ್ಪ ರೈಲು, ದಾರಿ ಬಿಡಿ!" ಅಂತ ನಗುತ್ತಿದ್ದೆ. ದಿನಾ ನಗುತ್ತಿದ್ದೆ ಕಣೇ. ಒಂದು ದಿನ ನೀರಿನ ಬಾಟಲಿ ತುಂಬಿದ್ದು ತುಂಬಿದ ಹಾಗೇ ವಾಪಸ್ ಬಂದದ್ದು ನೋಡಿ ಬೈದೆ. ಮಾರನೇ ದಿನದಿಂದ ಬಾಟಲಿ ಖಾಲಿ. ನನಗೆ ಖುಷಿ. ನಮ್ಮ ಗೇಟಿನ ಪಕ್ಕದ ಗುಲಾಬಿ ಗಿಡ ಮೂರು ವರ್ಷದಿಂದ ಒಣಗಿಕೊಂಡಿದ್ದದ್ದು ಈ ಸಲ ಚಿಗುರಿ ಹೂ ಬಿಟ್ಟಿತು. "ನನ್ನ ಕೈಗುಣ" ಅಂತ ನೆರೆಮನೆಯವಳ ಹತ್ತಿರ ಜಂಬ ಕೊಚ್ಚಿದೆ. ಅದು ಕುಡಿದದ್ದು ನನ್ನ ಮಗಳ ಬಾಟಲಿಯ ನೀರು.

ಅದೊಂದು ವಾರ ಬೆನ್ನು ನೋವು ಅಂದಳು. ಬೆಂಚು ಸರಿಯಿಲ್ಲವೇನೋ ಅಂತ ಬಿಸಿನೀರಿನ ಚೀಲ ಇಟ್ಟೆ. ಬುಧವಾರ ಮೈ ಬೆಚ್ಚಗಿತ್ತು, "ಇವತ್ತು ರಜ ಹಾಕು" ಅಂದೆ. "ಬೇಡಮ್ಮ, ರಜ ಹಾಕಿದ್ರೆ ಆ ವಾರದ ಚೀಟಿ ಲೆಕ್ಕಕ್ಕೆ ಬರಲ್ಲ. ಶನಿವಾರಕ್ಕೆ ನೂರು ದಾಟ್ತೀನಿ. ಗಂಟೆ ನಂದೇ" ಅಂದಳು. ಒಂಬತ್ತು ವರ್ಷದ ಮಗುವಿಗೆ ಎಷ್ಟು ಛಲ ನೋಡು ಅಂತ ಮೆಚ್ಚಿಕೊಂಡು, ತಲೆ ಬಾಚಿ ಕಳಿಸಿದೆ.

ಗುರುವಾರ ಮಧ್ಯಾಹ್ನ ಗಣಿತದ ಪಾಠದಲ್ಲಿ ಬೆಂಚಿನಿಂದ ಉರುಳಿ ಬಿದ್ದಳಂತೆ. ಮೈ ಕೆಂಡ. ಲಂಗ ಒದ್ದೆಯಾಗಿತ್ತು. ನಾನು ಓಡಿ ಹೋಗುವ ಹೊತ್ತಿಗೆ ಅವಳನ್ನು ಆಫೀಸಿನ ಬೆಂಚಿನ ಮೇಲೆ ಮಲಗಿಸಿದ್ದರು, ಕನ್ನಡಕದ ಟೀಚರ್ ಪಕ್ಕದಲ್ಲಿ ಅಳುತ್ತಾ ನಿಂತಿದ್ದರು. "ಅವಳು ಕೇಳ್ಲೇ ಇಲ್ಲಮ್ಮ. ಕೇಳಿದ್ರೆ ಬಿಡ್ತಿದ್ದೆ. ಚೀಟಿ ಇಲ್ದೆ ಇದ್ರೂ ಬಿಡ್ತಿದ್ದೆ" ಅಂದರು. ನಿಜ ಹೇಳುತ್ತಿದ್ದರು, ಮುಖ ನೋಡಿದರೆ ಗೊತ್ತಾಗುತ್ತಿತ್ತು. ಆದರೆ ಇವಳ ಮುಷ್ಟಿಯಲ್ಲಿ ಆ ವಾರದ ಆರು ಚೀಟಿ ಹಾಗೇ ಇದ್ದವು, ಬೆವರಿಗೆ ಬಣ್ಣ ಬಿಟ್ಟು ಅಂಗೈ ಹಳದಿಯಾಗಿತ್ತು. ಅದು ನಾಲ್ಕು ದಿನ ಹೋಗಲಿಲ್ಲ.

ಡಾಕ್ಟರಮ್ಮ ನಿನ್ನಷ್ಟೇ ವಯಸ್ಸಿನವರು. "ದಿನಕ್ಕೆ ಎಷ್ಟು ಹೊತ್ತು ತಡ್ಕೊಳ್ತಾಳೆ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಇವಳೇ ಕಣ್ಣು ಮುಚ್ಚಿಕೊಂಡೇ ಹೇಳಿದಳು, "ಎಂಟೂವರೆಯಿಂದ ನಾಲ್ಕೂವರೆ." ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ, "ಶಾಲೇಲಿ ಶೌಚಾಲಯ ಇಲ್ವಾ?" ಅಂದರು. ಇದೆ ಅಂದೆ. "ಮತ್ತೆ?" ಅಂದರು. ಆ ‘ಮತ್ತೆ’ಗೆ ಏನು ಹೇಳಲಿ? ನಮ್ಮ ತಂಗಿಯದು ಒಂದು ಯೋಜನೆ ಇದೆ, ಅದಕ್ಕೆ ಬಹುಮಾನ ಇದೆ, ನಮ್ಮವರೇ ಅಚ್ಚು ಹಾಕಿದ್ದು ಅಂತ ಹೇಳಲಾ? ಮಗಳ ಹೊದಿಕೆ ಎಳೆದು ಸರಿ ಮಾಡಿದೆ.

ಸೋಂಕು ಮೇಲಕ್ಕೆ ಹತ್ತಿ ಕಿಡ್ನಿಗೆ ಹೋಗಿತ್ತು. ಎರಡೂ ಕಡೆ ಊತ. ಎಡಗಡೆಯದು ಸುಧಾರಿಸಿದೆ. ಬಲಗಡೆಯದಕ್ಕೆ ಗಾಯದ ಕಲೆ ಉಳಿಯುತ್ತದಂತೆ. "ಕಲೆ ಹೋಗತ್ತಾ?" ಅಂತ ಕೇಳಿದೆ. "ಇಲ್ಲಮ್ಮ. ಉಳಿದದ್ದನ್ನ ಕಾಪಾಡ್ಕೋಬೇಕು. ನೀರು ಕುಡೀಬೇಕು, ತಡ್ಕೋಬಾರ್ದು, ಅಷ್ಟೇ" ಅಂದರು. ಅಷ್ಟೇ ಅಂತೆ! ಆಸ್ಪತ್ರೆಯಲ್ಲಿ ಮೂರನೇ ದಿನ ನರ್ಸಮ್ಮ "ಬಾ ಮರಿ, ಬಾತ್ರೂಮಿಗೆ ಹೋಗ್ಬರೋಣ" ಅಂದರೆ ಇವಳು ನನ್ನ ಕಿವಿಯಲ್ಲಿ "ಅಮ್ಮ, ಇಲ್ಲಿ ಹೋದ್ರೆ ಲೆಕ್ಕಾನಾ?" ಅಂತ ಕೇಳಿದಳು. ಈಗಲೂ ಮನೆಯಲ್ಲಿ ನನ್ನ ಮುಖ ನೋಡಿ, ಒಪ್ಪಿಗೆ ಕೇಳಿ ಹೋಗುತ್ತಾಳೆ. ನಮ್ಮ ಮನೆಯಲ್ಲಿ, ನನ್ನ ಮಗಳು!

ಇನ್ನು ನಿನ್ನ ಗಂಟೆಯ ವಿಷಯ. ಆರನೇ ದಿನ ಕನ್ನಡಕದ ಟೀಚರ್ ಶಾಲೆಯ ಹಿತ್ತಾಳೆಯ ಕೈಗಂಟೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ವಾರ್ಡಿಗೆ ಬಂದರು. "ಮೇಡಂ ಫೋನ್ ಮಾಡಿದ್ರು. ಹುಷಾರಿಲ್ದೆ ಇರೋದ್ರಿಂದ ನಾಲ್ಕು ಚೀಟಿ ಮಾಫಿ, ನೂರು ಆಯ್ತು ಅಂದ್ಕೊಳ್ಳಿ, ಗಂಟೆ ಅಲ್ಲೇ ಬಾರಿಸ್ಲಿ ಅಂದ್ರು" ಅಂದರು. ನಾಲ್ಕು ಚೀಟಿ ಮಾಫಿ! ನಿನ್ನ ದೊಡ್ಡ ಮನಸ್ಸಿಗೆ ಏನು ಹೇಳಲಿ? ಆ ಕ್ಷಣ ನೀನು ಎದುರಿಗಿದ್ದರೆ ಕತ್ತು ಹಿಡಿದು ಆಚೆ ದಬ್ಬುತ್ತಿದ್ದೆ. ಆದರೆ ಇವಳು ಹಾಸಿಗೆಯ ಮೇಲೆ ಎದ್ದು ಕೂತು, ಸೂಜಿ ಚುಚ್ಚಿದ್ದ ಕೈ ಬಿಟ್ಟು ಇನ್ನೊಂದು ಕೈಯಲ್ಲಿ ಗಂಟೆ ಹಿಡಿದು ಬಾರಿಸಿದಳು. ವಾರ್ಡಿನವರೆಲ್ಲ ಚಪ್ಪಾಳೆ ತಟ್ಟಿದರು. ಅವಳ ಮುಖದಲ್ಲಿ ಅಂಥ ನಗು ಅವಳು ಹುಟ್ಟಿದಾಗಿನಿಂದ ನಾನು ನೋಡಿರಲಿಲ್ಲ. ಅದೇ ನನ್ನ ಹೊಟ್ಟೆಗೆ ಬೆಂಕಿ ಇಟ್ಟಿದ್ದು.

ನೀನು ಏನು ವಾದ ಮಾಡುತ್ತೀಯ ಅಂತ ಗೊತ್ತು. "ಕೋಲಿಗಿಂತ ವಾಸಿ ಅಲ್ವಾ ಅಕ್ಕ?" ನಾವಿಬ್ಬರೂ ಕೋಲಿನ ಶಾಲೆಯಲ್ಲೇ ಓದಿದವರು. ಆ ಮೀಸೆ ಮೇಷ್ಟ್ರು ಬಾರಿಸಿದರೆ ನಾನು ಮನೆಗೆ ಬರುವ ದಾರಿಯುದ್ದಕ್ಕೂ ಅವರ ಮೀಸೆಗೆ ಶಾಪ ಹಾಕುತ್ತಾ ಬರುತ್ತಿದ್ದೆ. ಬೈಯುವುದಕ್ಕೆ ಒಬ್ಬರಿದ್ದರು. ಕೋಲು ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ, ಮಾತು ತಿರುಗಿಸಬೇಡ. ಆದರೆ ನನ್ನ ಮಗಳು ಬೈಯುವುದು ಯಾರನ್ನು? "ನಾನೇ ಇನ್ನೆರಡು ದಿನ ತಡ್ಕೊಂಡಿದ್ರೆ ನಿಜವಾದ ನೂರು ಆಗ್ತಿತ್ತು, ಮಾಫಿ ಬೇಕಾಗ್ತಿರ್ಲಿಲ್ಲ" ಅಂತ ತನ್ನನ್ನೇ ಬೈದುಕೊಳ್ಳುತ್ತಾಳೆ. ಹೊಡೆಯದೆ, ಬೈಯದೆ, ಬರೀ ನಗುನಗುತ್ತಾ ಮಗುವನ್ನು ಇಲ್ಲಿಗೆ ತಂದು ನಿಲ್ಲಿಸಿದ್ದೀಯ. ಅದನ್ನೇ ನಲವತ್ತೆರಡು ಶಾಲೆಗೆ ಹಂಚುತ್ತೀಯಾ?

ಅಷ್ಟೂ ಶಾಲೆಯ ಚೀಟಿ ಅಚ್ಚು ಹಾಕುವ ಕೆಲಸ ಆಗಲೇ ಪ್ರೆಸ್ಸಿಗೆ ಬಂದಿದೆ, ಗೊತ್ತಾ? ನಿನ್ನ ಭಾವ ಯಂತ್ರ ಶುರು ಮಾಡಿಲ್ಲ. ಪ್ರೆಸ್ಸಿನ ಯಜಮಾನರು ಎರಡು ಸಲ ಕೇಳಿದರಂತೆ. "ಮೊದ್ಲು ನಿನ್ನ ತಂಗಿಗೆ ಬರಿ. ಅವಳು ಬೇಡ ಅಂತ ಒಂದು ಮಾತು ಹೇಳ್ಲಿ, ಕಾಗದ ಎಲ್ಲಾ ವಾಪಸ್ ಕಳಿಸ್ತೀನಿ. ಹೇಳ್ದೆ ಇದ್ರೂ ನಾನಂತೂ ಆ ಯಂತ್ರ ಮುಟ್ಟಲ್ಲ" ಅಂದರು ಇವರು. ಮೃದು ಮನುಷ್ಯ, ನಿನಗೆ ಗೊತ್ತಲ್ಲ. ಹಳದಿ ಬಣ್ಣದ ಏನು ಕಂಡರೂ ಮುಖ ತಿರುಗಿಸುತ್ತಾರೆ ಈಗ.

ನೀನು ಕೇಳಿದ ನಾಲ್ಕು ವಾಕ್ಯ ಇಲ್ಲಿದೆ. ನಾನು ಒಂದಕ್ಷರ ಹೇಳಿಕೊಟ್ಟಿಲ್ಲ. ಚಿಕ್ಕಮ್ಮ ಕೇಳಿದ್ದಾರೆ ಅಂದೆ, ಪೆನ್ಸಿಲ್ ಚೂಪು ಮಾಡಿಕೊಂಡು ಕೂತಳು. ಅವಳ ಹಾಳೆಯನ್ನು ಬೇರೆ ಇಟ್ಟಿದ್ದೇನೆ. ಅದು ಎಲ್ಲಿಯೋ ಕಳೆದುಹೋಯಿತು ಅಂತ ನೀನು ಹೇಳಬಾರದು, ಹಾಗಾಗಿ ಇಲ್ಲೂ ಬರೆಯುತ್ತೇನೆ:

೧. ಶಿಸ್ತಿನ ಚೀಟಿಯಿಂದ ನಾನು ನಾಲ್ಕೂವರೆ ಗಂಟೆಯವರೆಗೆ ತಡೆದುಕೊಳ್ಳುವುದನ್ನು ಕಲಿತೆ.
೨. ನೀರು ಕುಡಿಯದಿದ್ದರೆ ತಡೆದುಕೊಳ್ಳುವುದು ಸುಲಭ ಎಂದು ಕಲಿತೆ.
೩. ತುಂಬಾ ನೋವಾದರೆ ಮನಸ್ಸಿನಲ್ಲಿ ಹದಿಮೂರರ ಮಗ್ಗಿ ಹೇಳಿಕೊಳ್ಳಬೇಕು ಎಂದು ಕಲಿತೆ.
೪. ನಾನು ಗಂಟೆ ಬಾರಿಸಿದೆ, ಚಿಕ್ಕಮ್ಮನಿಗೆ ಧನ್ಯವಾದಗಳು.

ಎಲ್ಲರಿಗೂ ಕೇಳುವ ಹಾಗೆ ಓದು. ಒಂದನ್ನೂ ಬಿಡಬೇಡ, ತಿದ್ದಬೇಡ. ಓದಿದ ಮೇಲೆ ಆಸ್ಪತ್ರೆಯ ಕಥೆಯನ್ನೂ ಹೇಳಿ, ಈ ಯೋಜನೆ ತಪ್ಪು ಅಂತ ನಿನ್ನ ಬಾಯಿಂದಲೇ ಹೇಳು. ನೀನು ಹೇಳುವುದಿಲ್ಲವಾದರೆ ನಾನು ಹೇಳುತ್ತೇನೆ. ಇಪ್ಪತ್ತೈದರ ಬಸ್ಸಿಗೆ ಸೀಟು ಹಿಡಿದಾಗಿದೆ. ಹಿಂದಿನ ಸಾಲಿನಲ್ಲಿ ಕೂತಿರುತ್ತೇನೆ. ನೀನು ಬಾಯಿ ಬಿಡದಿದ್ದರೆ ನಲವತ್ತೆರಡು ಜನರ ಮುಂದೆ ಎದ್ದು ನಿಲ್ಲುವವಳು ನಾನು. ಅಕ್ಕ ಅಂತ ಮುಖ ನೋಡಬೇಡ, ನಾನೂ ತಂಗಿ ಅಂತ ನೋಡುವುದಿಲ್ಲ.

ಸಾಕು. ಕೈ ನೋಯುತ್ತಿದೆ. ಇವಳು ಎದ್ದು ಬಂದು "ಯಾರಿಗೆ ಬರೀತಿದ್ದೀಯಾ?" ಅಂತ ಕೇಳಿದಳು. ಚಿಕ್ಕಮ್ಮನಿಗೆ ಅಂದೆ. "ನನ್ನ ಮುತ್ತು ಬರಿ" ಅಂದಳು. ಬರೆದಿದ್ದೇನೆ. ಅದು ಅವಳದು, ನನ್ನದಲ್ಲ.

ಎಷ್ಟೇ ಆದರೂ ನಾನೇ ಎತ್ತಿ ಬೆಳೆಸಿದವಳು ನೀನು, ಶಾಪ ಹಾಕಿ ಕಾಗದ ಮುಗಿಸಲು ಮನಸ್ಸು ಬರುವುದಿಲ್ಲ. ಹೊತ್ತುಹೊತ್ತಿಗೆ ಉಣ್ಣು. ನೀರು ಕುಡಿ. ದೇವರು ನಿನಗೆ ಒಳ್ಳೆಯ ಬುದ್ಧಿ ಕೊಡಲಿ, ಇಪ್ಪತ್ತಾರರೊಳಗೆ ಕೊಡಲಿ.

ಇಂತಿ,
ನಿನ್ನ ಅಕ್ಕ

ಮರೆತ ಮಾತು: ಕೋಟು ಹಾಕಿಕೊಳ್ಳಲು ಹೋದಾಗ ನೋಡುತ್ತೀಯ, ಗುಂಡಿ ತೂರಿಸುವ ಕಾಜಾ ಎಲ್ಲ ಹೊಲಿದಿದ್ದೇನೆ, ಗುಂಡಿ ಹಚ್ಚಿಲ್ಲ. ಮರೆತದ್ದಲ್ಲ. ಮೂರು ದಿನ ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತೆ, ಕೈ ಹಾಕಲು ಆಗಲಿಲ್ಲ. ಅದು ಅಮ್ಮನ ಡಬ್ಬಿಯೇ.

ಅಮ್ಮ ಹೋದಾಗ ನಿನಗೆ ಏಳು, ನನಗೆ ಹದಿನಾರು. ನೀನು ಕ್ಲಾಸಿನಲ್ಲಿ ಅಳುತ್ತೀಯ ಅಂತ ಶಾಲೆಯಿಂದ ವಾಪಸ್ ಕಳಿಸುತ್ತಿದ್ದರು, ಮನೆಯಲ್ಲಿ ನೀನು ಅತ್ತರೆ ಅಪ್ಪ ತಟ್ಟೆ ಬಿಟ್ಟು ಏಳುತ್ತಿದ್ದರು. ನನಗೆ ಬೇರೆ ದಾರಿ ತೋಚಲಿಲ್ಲ. ಅಳದೆ ಇದ್ದ ದಿನಕ್ಕೆ ಅಮ್ಮನ ಡಬ್ಬಿಯಿಂದ ಒಂದು ಗುಂಡಿ ಅಂದೆ. ಸಭೆಯಲ್ಲಿ ನನ್ನ ಕಡೆ ಕೈ ತೋರಿಸಿ ನೀನು ಹೇಳಿದ ಉಪಾಯ ಇದೇ. ನೀನು ದಾರಕ್ಕೆ ಪೋಣಿಸಿಕೊಂಡು ಹೋದೆ. ಎಲ್ಲರೂ ನನ್ನನ್ನು ಹೊಗಳಿದರು, ಈ ವಯಸ್ಸಿಗೇ ಮಗು ಸಾಕುವುದು ಎಷ್ಟು ಚೆನ್ನಾಗಿ ಕಲಿತಿದ್ದಾಳೆ ಅಂತ. ನಲವತ್ತೊಂದನೇ ದಿನ ನೀನು ಶಾಲೆಯ ಮೆಟ್ಟಿಲಿಂದ ಬಿದ್ದು ಒಬ್ಬಳೇ ನಡೆದುಕೊಂಡು ಮನೆಗೆ ಬಂದೆ. ಎಡಗೈ ಜೋತಾಡುತ್ತಿತ್ತು. ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಕಣ್ಣಲ್ಲಿ ಒಂದು ಹನಿ ಇರಲಿಲ್ಲ. ಬಲಗೈ ಚಾಚಿ, "ಅಕ್ಕ, ಅಳ್ಲಿಲ್ಲ. ಗುಂಡಿ ಕೊಡು" ಅಂದೆ.

ನಾನು ಮೊದಲು ಗುಂಡಿ ಕೊಟ್ಟೆ ಕಣೇ. ಆಮೇಲೆ ಕೈ ನೋಡಿದೆ.

ಸೊಟ್ಟಗೆ ಕೂಡಿಕೊಂಡ ಆ ನಿನ್ನ ಎಡತೋಳಿಗೆ ಮೂವತ್ತು ವರ್ಷದಿಂದ ಅರ್ಧ ಇಂಚು ಸಡಿಲ ಬಿಟ್ಟು ಹೊಲಿಯುತ್ತಿದ್ದೇನೆ. ಅಪ್ಪ ಹೋದಾಗಲೂ ನೀನು ಅಳಲಿಲ್ಲ. ಆ ಸರ ಇನ್ನೂ ನಿನ್ನ ಹತ್ತಿರ ಇದೆ ಅಂತ ನನಗೆ ಗೊತ್ತು. ಇಪ್ಪತ್ತಾರಕ್ಕೆ ಬರುವಾಗ ತಾ. ಅದರಲ್ಲಿರುವ ಗುಂಡಿಗಳನ್ನೇ ಬಿಚ್ಚಿ ನಿನ್ನ ಕೋಟಿಗೆ ಹಚ್ಚಿಕೊಡುತ್ತೇನೆ, ಸೂಜಿದಾರ ತರುತ್ತೇನೆ. ಆಗ ನೀನು ಅತ್ತರೆ ನಾನು ಸುಮ್ಮನಿರು ಅನ್ನುವುದಿಲ್ಲ.